ಹೆಸರು ಬರೆದಿಡಿ: ಹಳೇ ಶೆಡ್ ಕೆಡವಲು ಅನುಮತಿ ಕೊಡುವವರಿಗೊಂದು ಬಹಿರಂಗ ಪತ್ರ

ಕೈಗಾರಿಕಾ ಪ್ರದೇಶದ ಸುರಕ್ಷತಾ ಅಧಿಕಾರಿಗಳಿಗೆ,

(ಕಾಂಪೌಂಡಿನ ಆಚೆ ಮನೆ ಮಾಡಿಕೊಂಡಿರುವವರೂ ಓದಲಿ ಅಂತಲೇ ಇದನ್ನು ಲಕೋಟೆಗೆ ಹಾಕಿಲ್ಲ.)

ಮಾನ್ಯರೇ,

ಬೂದು ಬಣ್ಣದ, ಅಲೆ ಅಲೆಯಾದ ಆಸ್ಬೆಸ್ಟಾಸ್ ಶೀಟು ಹೊದ್ದ ಹಳೇ ಶೆಡ್ಡುಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿವೆ. ಕೆಡವುವ ಅರ್ಜಿ ನಿಮ್ಮ ಮೇಜಿಗೆ ಬರುತ್ತದೆ. ಕಟ್ಟಡದ ಅಳತೆ, ಮಾಲೀಕರ ಸಹಿ, ಕಂಟ್ರಾಕ್ಟರ್ ಲೈಸೆನ್ಸು, ಕಸ ಎಲ್ಲಿಗೆ ಸಾಗಿಸುತ್ತಾರೆ ಅನ್ನುವ ಒಂದು ಸಾಲು. ಎಲ್ಲಾ ಇರುತ್ತದೆ. ಮೇಲೆ ಹತ್ತಿ ಶೀಟು ಬಿಚ್ಚುವವರು ಯಾರು ಅನ್ನೋದು ಮಾತ್ರ ಇರುವುದಿಲ್ಲ. ನಾನು ಕೇಳುತ್ತಿರುವುದು ಇಷ್ಟೇ. ಆ ಹೆಸರುಗಳನ್ನು ಬರೆಸಿಕೊಳ್ಳಿ. ಬರೆಸಿಕೊಂಡ ಹಾಳೆಯನ್ನು 40 ವರ್ಷ ಕಾಪಾಡಿ.

ಯಾಕೆ 40 ವರ್ಷ ಅಂತ ಹೇಳುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

ನಾನು ಬಾಯ್ಲರ್ ಕಡೆಯ ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದವನು. ಶಟ್‌ಡೌನ್ ಬಂದರೆ ಹಬೆ ಪೈಪಿನ ಮೇಲಿನ ಹಳೇ ಲ್ಯಾಗಿಂಗ್, ಅಂದರೆ ಬಿಸಿ ಹೊರಗೆ ಹೋಗದ ಹಾಗೆ ಸುತ್ತಿದ ಆಸ್ಬೆಸ್ಟಾಸ್ ಹೊದಿಕೆ, ಕಿತ್ತು ಹೊಸದು ಸುತ್ತಿಸಬೇಕು. ಹೊರಗೆ ಬಟ್ಟೆ, ಒಳಗೆ ಒಣಗಿದ ಗಾರೆಯಂಥ ಬಿಳಿ ಪದರ. ಸುತ್ತಿಗೆಯಿಂದ ಬಡಿದರೆ ಹೆಂಟೆ ಹೆಂಟೆಯಾಗಿ ಉದುರುತ್ತಿತ್ತು. ಪೈಪಿಗೆ ಅಂಟಿಕೊಂಡದ್ದನ್ನು ಉಳಿ ಹಿಡಿದು ಕೆರೆಯುತ್ತಿದ್ದರು. ಮೇಲೆ ಒಡೆದ ಶೀಟಿನಿಂದ ಬಿಸಿಲು ಕೋಲಿನ ಹಾಗೆ ಇಳಿದಿರುತ್ತಿತ್ತು, ಅದರೊಳಗೆ ಧೂಳು ಮಿಣಮಿಣ ಅಂತ ತೇಲುತ್ತಿತ್ತು. ನೋಡೋಕೆ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಕಂಟ್ರಾಕ್ಟರ್ ಕಡೆಯ ಹುಡುಗರು ಟವೆಲ್ಲನ್ನು ಮೂಗಿಗೆ ಸುತ್ತಿಕೊಳ್ಳುತ್ತಿದ್ದರು. ಸಂಜೆ ಹೊತ್ತಿಗೆ ಅವರ ರೆಪ್ಪೆ ಬೆಳ್ಳಗಾಗಿರುತ್ತಿತ್ತು. ಅವರಲ್ಲಿ ಒಬ್ಬ, ಇಪ್ಪತ್ತು ತುಂಬಿರಲಿಲ್ಲ ಅನ್ನಿಸುತ್ತದೆ, ಹೀಗೇ ಹೇಗೆ ಮನೆಗೆ ಹೋಗಲಿ ಸಾರ್ ಅಂದ. ಬೆನ್ನು ತಿರುಗಿಸೋ ಅಂತ ಹೇಳಿ ಕಂಪ್ರೆಸರ್ ಪೈಪು ಹಿಡಿದು ಅವನ ಮೈಮೇಲೆ ಗಾಳಿ ಹೊಡೆದವನು ನಾನೇ. ಕಚಗುಳಿಯಾಗಿ ಅವನು ನಕ್ಕ. ಆ ಧೂಳಿನ ಮೋಡದಲ್ಲಿ ಇಬ್ಬರೂ ನಿಂತಿದ್ದೆವು. ಅವನಿಗೆ ಉಪಕಾರ ಮಾಡಿದೆ ಅಂತಲೇ ನಾನು ತಿಳಿದಿದ್ದೆ.

ಎಷ್ಟೋ ವರ್ಷದ ಮೇಲೆ ಅವನು ನನ್ನನ್ನು ಹುಡುಕಿಕೊಂಡು ಬಂದ. ಹತ್ತು ಮೆಟ್ಟಿಲು ಹತ್ತಿ ಮೂರು ಸಲ ನಿಂತ. ಬೆರಳ ತುದಿಗಳು ಊದಿ, ಉಗುರು ಗುಂಡಗೆ ಬಾಗಿದ್ದವು. ಟಿಬಿ ಅಂತ ಎರಡು ಸಲ ಪೂರ್ತಿ ಮಾತ್ರೆ ನುಂಗಿಸಿದ್ದರು. ಕಫದಲ್ಲಿ ರೋಗಾಣು ಒಮ್ಮೆಯೂ ಸಿಕ್ಕಿರಲಿಲ್ಲವಂತೆ. ಕೊನೆಗೆ ಒಬ್ಬ ವೈದ್ಯರು, ನೀನು ಮೊದಲು ಏನು ಕೆಲಸ ಮಾಡುತ್ತಿದ್ದೆ ಅಂತ ಕೇಳಿದ್ದಾರೆ. ಅಷ್ಟು ದಿನ ಯಾರೂ ಕೇಳಿರಲಿಲ್ಲ. ಕೇಳಿದರೂ ಅವನು ಹೆಲ್ಪರ್ ಅಂತ ಹೇಳುತ್ತಿದ್ದ. ಹೆಲ್ಪರ್ ಅಂದರೆ ಯಾವ ಕಾಯಿಲೆ ಅಂತ ಯಾರಿಗೆ ಗೊತ್ತಾಗಬೇಕು?

ಕಾಯಿಲೆ ಆ ಕೆಲಸದಿಂದಲೇ ಬಂತು ಅಂತ ತೋರಿಸೋಕೆ ಅವನಿಗೆ ಬೇಕಾಗಿದ್ದದ್ದು ಒಂದು ಕಾಗದ. ಇಂಥ ವರ್ಷ, ಇಂಥ ಕಡೆ ಲ್ಯಾಗಿಂಗ್ ಕೀಳುವ ಕೆಲಸ ಮಾಡಿದ್ದಾನೆ ಅಂತ. ಕಾರ್ಖಾನೆ ಆಗಲೇ ಕೈ ಬದಲಾಗಿತ್ತು. ಕಂಟ್ರಾಕ್ಟರ್ ಎಲ್ಲಿದ್ದಾನೋ ದೇವರೇ ಬಲ್ಲ. ಹಾಜರಿ ಪುಸ್ತಕಗಳು ಗುಜರಿಗೆ ಹೋಗಿದ್ದವು. ನನ್ನ ಹತ್ತಿರ ಓವರ್‌ಟೈಮ್ ಲೆಕ್ಕಕ್ಕೆ ಇಟ್ಟುಕೊಂಡಿದ್ದ ಒಂದು ಚಿಕ್ಕ ನೋಟ್‌ಬುಕ್ ಇತ್ತು. ಅದರಲ್ಲಿ ಅವನ ಹೆಸರು, ಒಂಬತ್ತು ದಿನದ ಲೆಕ್ಕ ಸಿಕ್ಕಿತು. ಆ ಪುಟದ ಜೊತೆ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟೆ. ಮೊಹರಿಲ್ಲ ಅಂತ ವಾಪಸ್ ಬಂತು.

ಮಾನ್ಯರೇ, ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಕಲ್ನಾರು ಅನ್ನುವ ಹೆಸರಿದೆ. ಆಸ್ಬೆಸ್ಟಾಸ್ ಅನ್ನುವ ಗ್ರೀಕ್ ಪದದ ಅರ್ಥ ನಂದಿಸಲಾಗದ್ದು ಅಂತ. ಅದು ಮಾರುವವರಿಗೆ ಒಪ್ಪುವ ಹೆಸರು. ಕಲ್ಲಿನ ನಾರು ಅನ್ನೋದು ಅದನ್ನು ಕೈಯಲ್ಲಿ ಹಿಡಿದವರು ಇಟ್ಟ ಹೆಸರಿನ ಹಾಗಿದೆ. ಕಲ್ಲು, ಆದ್ದರಿಂದ ಸುಡುವುದಿಲ್ಲ, ಕೊಳೆಯುವುದಿಲ್ಲ. ನಾರು, ಆದ್ದರಿಂದ ಉದ್ದುದ್ದಕ್ಕೆ ಸೀಳುತ್ತದೆ. ಸೀಳಿ ಸೀಳಿ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣಗಾಗುತ್ತದೆ. ಬಿಸಿಲುಕೋಲಿನಲ್ಲಿ ನಾನು ನೋಡಿದ ಧೂಳು ಬಹುಪಾಲು ಮೂಗು, ಗಂಟಲಲ್ಲೇ ನಿಂತಿರುತ್ತದೆ. ಕಣ್ಣಿಗೆ ಕಾಣದೇ ಇದ್ದದ್ದು ಶ್ವಾಸಕೋಶದ ತಳಕ್ಕೆ ಇಳಿದಿರುತ್ತದೆ.

ಅಲ್ಲಿ ಕಸ ಗುಡಿಸುವ ಜೀವಕೋಶಗಳಿವೆ. ಹೊರಗಿನ ಕಣ ಬಂದರೆ ನುಂಗಿ ಸಾಗಹಾಕುತ್ತವೆ. ಈ ನಾರು ಅವಕ್ಕಿಂತ ಉದ್ದ. ಅರ್ಧ ನುಂಗಿ ಸಾಯುತ್ತವೆ. ಸತ್ತ ಜಾಗದಲ್ಲಿ ಉರಿಯೂತ, ಅದರ ಮೇಲೆ ಗಾಯದ ಕಲೆ. ಮತ್ತೊಂದು ಜೀವಕೋಶ ಬರುತ್ತದೆ, ಅದಕ್ಕೂ ಅದೇ ಗತಿ. ಸ್ಪಂಜಿನ ಹಾಗಿದ್ದ ಶ್ವಾಸಕೋಶ ಹೀಗೆ ಚರ್ಮದ ಹಾಗೆ ಗಟ್ಟಿಯಾಗುವುದಕ್ಕೆ ಆಸ್ಬೆಸ್ಟೋಸಿಸ್ ಅನ್ನುತ್ತಾರೆ. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ, ಅದಕ್ಕೆ ಮದ್ದಿಲ್ಲ. ಇದಲ್ಲದೆ ಶ್ವಾಸಕೋಶ, ಧ್ವನಿಪೆಟ್ಟಿಗೆ, ಅಂಡಾಶಯದ ಕ್ಯಾನ್ಸರ್. ಮತ್ತೆ ಮೀಸೋಥೀಲಿಯೋಮಾ, ಅಂದರೆ ಶ್ವಾಸಕೋಶವನ್ನು ಸುತ್ತಿದ ಪೊರೆಗೆ ಅಥವಾ ಹೊಟ್ಟೆಯ ಒಳಪೊರೆಗೆ ಬರುವ ಕ್ಯಾನ್ಸರ್. ಇದರ ಮುಖ್ಯ ಕಾರಣವೇ ಕಲ್ನಾರು. ಜೊತೆಗೆ ಬೀಡಿ ಸಿಗರೇಟು ಇದ್ದರೆ ಕಥೆ ಬೇರೆ. ಅಮೆರಿಕದ ಇನ್ಸುಲೇಷನ್ ಕೆಲಸಗಾರರ ಬಗ್ಗೆ 1979ರಲ್ಲಿ ಬಂದ ಲೆಕ್ಕ ಹೀಗಿದೆ: ಎರಡೂ ಇಲ್ಲದವರಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆ ಬರೀ ಕಲ್ನಾರಿನಿಂದ 5 ಪಟ್ಟು, ಬರೀ ಸಿಗರೇಟಿನಿಂದ 11 ಪಟ್ಟು, ಎರಡೂ ಸೇರಿದರೆ 53 ಪಟ್ಟು. ನಮ್ಮ ಹುಡುಗರು ಲ್ಯಾಗಿಂಗ್ ಕಿತ್ತು ದಣಿದು ಹೊರಗೆ ಬಂದು ಮೊದಲು ಹಚ್ಚುತ್ತಿದ್ದದ್ದೇ ಬೀಡಿ.

ಇಷ್ಟೆಲ್ಲಾ ಆಗೋಕೆ ಎಷ್ಟು ದಿನ ಬೇಕು? ಮೀಸೋಥೀಲಿಯೋಮಾಗೆ ಸಾಮಾನ್ಯವಾಗಿ 20ರಿಂದ 50 ವರ್ಷ. ಕಲ್ನಾರಿನ ಇಡೀ ಚಾಲಾಕಿತನ ಇರುವುದು ಈ ತಡದಲ್ಲೇ. ಮೆಷಿನ್ನಿಗೆ ಕೈ ಸಿಕ್ಕರೆ ಅವತ್ತೇ ಗಲಾಟೆಯಾಗುತ್ತದೆ, ವರದಿ ಬರೆಯಬೇಕಾಗುತ್ತದೆ, ಯಾರೋ ಒಬ್ಬರು ಉತ್ತರ ಕೊಡಬೇಕಾಗುತ್ತದೆ. ಇಲ್ಲಿ ಹಾಗಲ್ಲ. ಉಸಿರು ಕಟ್ಟುವ ಹೊತ್ತಿಗೆ ಮೇಸ್ತ್ರಿ ಇಲ್ಲ, ಕಂಟ್ರಾಕ್ಟರ್ ಇಲ್ಲ, ಕಾರ್ಖಾನೆ ಇಲ್ಲ. ನೀವೂ ನಿವೃತ್ತರಾಗಿರುತ್ತೀರಿ. ಉಳಿಯುವುದು ರೋಗಿ ಒಬ್ಬ. ಅವನ ಹತ್ತಿರ ಕಾಗದ ಇರುವುದಿಲ್ಲ.

ಗೊತ್ತಿರಲಿಲ್ಲ ಅಂತ ನಾನು ಹೇಳಬಹುದು, ಒಬ್ಬ ಸೂಪರ್‌ವೈಸರ್. ಲೋಕಕ್ಕೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ ಸತ್ತಾಗ ಅವರಿಗೆ 33 ವರ್ಷ. ಅವರ ಶ್ವಾಸಕೋಶದಲ್ಲಿ ಕಲ್ನಾರಿನ ಚೂರು ಸಿಕ್ಕಿದ್ದನ್ನು ಡಾ. ಕುಕ್ ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕೆಲಸ ಕೊಟ್ಟವರು ಮಾತ್ರ ಹೊಣೆ ಒಪ್ಪಲಿಲ್ಲ. 1930ರಲ್ಲಿ ಅಲ್ಲಿನ ಸರ್ಕಾರ 363 ಕೆಲಸಗಾರರನ್ನು ಪರೀಕ್ಷೆ ಮಾಡಿಸಿದ ವರದಿ ಬಂತು. 95 ಜನರ ಶ್ವಾಸಕೋಶ ಗಟ್ಟಿಯಾಗಿತ್ತು. ಮರುವರ್ಷ ಧೂಳು ಹತೋಟಿಗೆ ಕಾನೂನು ಬಂತು. 1931. ನಾನು ಆ ಹುಡುಗನ ಬೆನ್ನಿಗೆ ಗಾಳಿ ಹೊಡೆದದ್ದು ಇದೆಲ್ಲಾ ಆಗಿ ಎಷ್ಟೋ ದಶಕದ ಮೇಲೆ. ಗೊತ್ತಿದ್ದದ್ದು ಬಾಯ್ಲರ್ ಮನೆಯ ತನಕ ನಡೆದು ಬರಲಿಲ್ಲ, ಅಷ್ಟೇ.

ಈಗ ಕಾಂಪೌಂಡಿನ ಆಚೆಯವರ ಮಾತು. ಕಾರ್ಖಾನೆ ಒಳಗಿನ ಧೂಳು ಗೇಟಿನಲ್ಲಿ ನಿಲ್ಲುತ್ತದೆ ಅಂತ ಎಷ್ಟೋ ಜನ ಇವತ್ತಿಗೂ ನಂಬಿದ್ದಾರೆ. 1965ರಲ್ಲಿ ಲಂಡನ್‌ನಲ್ಲಿ ಮಾಲಿ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಅನ್ನುವ ಇಬ್ಬರು ಮಹಿಳೆಯರು ಒಂದು ಕೆಲಸ ಮಾಡಿದರು. ಮೀಸೋಥೀಲಿಯೋಮಾ ಬಂದ 76 ಜನ ಬದುಕಿಡೀ ಎಲ್ಲಿ ಕೆಲಸ ಮಾಡಿದರು, ಎಲ್ಲಿ ವಾಸವಿದ್ದರು, ಮನೆಯವರು ಏನು ಕೆಲಸದಲ್ಲಿದ್ದರು ಅಂತ ಕೂತು ವಿಚಾರಿಸಿದರು. 31 ಜನ ಸ್ವತಃ ಕಲ್ನಾರಿನ ಕೆಲಸದವರು. ಇನ್ನು 9 ಜನ ಅಂಥ ಕೆಲಸಗಾರರ ಮನೆಯವರು. ಇವರಲ್ಲಿ ಹೆಚ್ಚಾಗಿ ಕಂಡುಬಂದದ್ದು ಒಂದೇ ಕಥೆ: ಗಂಡನ ಕೆಲಸದ ಬಟ್ಟೆ ಒಗೆದ ಹೆಂಡತಿ. ಉಳಿದ 36 ಜನರಲ್ಲಿ 11 ಜನ ಕಲ್ನಾರು ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಿದ್ದವರು. ಕೆಲಸ ಮಾಡಲಿಲ್ಲ, ಬಟ್ಟೆ ಒಗೆಯಲಿಲ್ಲ. ಅಲ್ಲಿ ಮನೆ ಇತ್ತು, ಅಷ್ಟೇ.

ಕೆಲಸಗಾರರ ಮನೆಯವರಾದ ಆ ಒಂಬತ್ತು ಜನರ ಲೆಕ್ಕ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ಪ್ಯಾಂಟು ಶರಟು ಒಗೆಯುತ್ತಿದ್ದವಳು ನನ್ನ ಹೆಂಡತಿ. ನೆನೆಸುವ ಮೊದಲು ಜಾಡಿಸಿ ಕೊಡವುವುದು ಅವಳ ಅಭ್ಯಾಸ. ಅವಳು ಇವತ್ತಿಗೂ ಚೆನ್ನಾಗಿದ್ದಾಳೆ. ಆದರೂ ಅವಳು ಕೆಮ್ಮಿದಾಗ ನಾನು ಓದುತ್ತಿದ್ದ ಪೇಪರ್ ಕೆಳಗಿಡುತ್ತೇನೆ.

ಇಟಲಿಯ ಕಸಾಲೆ ಮೊನ್‌ಫೆರ್ರಾತೋ ಅನ್ನುವ ಪಟ್ಟಣದಲ್ಲಿ ಕಲ್ನಾರು ಸಿಮೆಂಟಿನ ಕಾರ್ಖಾನೆ 1907ರಿಂದ 1986ರ ತನಕ ನಡೆಯಿತು. ಅಲ್ಲಿ ಉಳಿದ ಪುಡಿ ಊರಿನವರ ಕೈಗೂ ಹೋಗುತ್ತಿತ್ತು. ಅವರು ಅದನ್ನು ಚಳಿ ತಡೆಯೋಕೆ ಅಟ್ಟದ ಮೇಲೆ ಹರಡಿದರು, ಅಂಗಳಕ್ಕೆ ಹಾಕಿ ದಮ್ಮಸ್ಸು ಮಾಡಿದರು. ಕಾರ್ಖಾನೆ ಮುಚ್ಚಿದ ಮರುವರ್ಷವೇ ಅಲ್ಲಿನ ಮೇಯರ್ ತಮ್ಮ ಊರಿನ ಮಟ್ಟಿಗೆ ಕಲ್ನಾರು ನಿಷೇಧಿಸಿದರು. ದೇಶದ ಕಾನೂನು ಬಂದದ್ದು 1992ರಲ್ಲಿ. ಊರಿನ ಅಧಿಕಾರಿ ಮನಸ್ಸು ಮಾಡಿದರೆ ರಾಜಧಾನಿಗಿಂತ ಐದು ವರ್ಷ ಮುಂದೆ ಇರಬಹುದು ಅನ್ನೋದಕ್ಕೆ ಇದನ್ನು ಹೇಳಿದೆ. ಹಾಗಿದ್ದೂ ಕಾರ್ಖಾನೆ ಮುಚ್ಚಿ ದಶಕಗಳಾದ ಮೇಲೂ ಅಲ್ಲಿ ಹೊಸ ರೋಗಿಗಳು ಬರುತ್ತಲೇ ಇದ್ದಾರೆ. ಜಪಾನಿನ ಅಮಗಾಸಾಕಿಯಲ್ಲೂ ಹಾಗೆ. ಅಲ್ಲಿ ಒಂದು ಪೈಪ್ ಕಾರ್ಖಾನೆ ನೀಲಿ ಕಲ್ನಾರು ಅನ್ನುವ ಬಗೆಯನ್ನು ಬಳಸುವುದನ್ನು 1975ರಲ್ಲೇ ನಿಲ್ಲಿಸಿತ್ತು. ಸುತ್ತಲಿನ ನಿವಾಸಿಗಳಿಗೂ ರೋಗ ಬಂದಿದೆ ಅನ್ನುವ ಸುದ್ದಿ ಹೊರಬಿದ್ದದ್ದು 2005ರಲ್ಲಿ. ಮೂವತ್ತು ವರ್ಷ. ಅಷ್ಟರಲ್ಲಿ ಎಷ್ಟು ಜನ ಮನೆ ಬದಲಾಯಿಸಿರುತ್ತಾರೆ, ಅಲ್ವಾ?

ನಿಮ್ಮ ಕಚೇರಿಯಲ್ಲಿ ಸಿಗುವ ಉತ್ತರಗಳು ನನಗೆ ಗೊತ್ತು.

ಶೀಟಿನಲ್ಲಿ ಇರೋದು ಬಿಳಿ ಕಲ್ನಾರು, ಕ್ರೈಸೊಟೈಲ್, ಅದು ಅಷ್ಟು ಕೆಟ್ಟದ್ದಲ್ಲ ಅನ್ನುತ್ತಾರೆ. ನೀಲಿ, ಕಂದು ಬಣ್ಣದ್ದು ಇನ್ನೂ ಕೆಟ್ಟದ್ದು ಅನ್ನೋದು ನಿಜ. ಅದರಿಂದ ಬಿಳಿ ಒಳ್ಳೆಯದಾಗುವುದಿಲ್ಲ. ಬಿಳಿಯೂ ಸೇರಿ ಎಲ್ಲಾ ಬಗೆಯ ಕಲ್ನಾರು ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟರ ತನಕ ಪರವಾಗಿಲ್ಲ ಅನ್ನುವ ಗೆರೆಯನ್ನು ಅದು ಎಳೆದಿಲ್ಲ. ಬಿಳಿ ಕಲ್ನಾರನ್ನು ಗಣಿಯಿಂದ ತೆಗೆದು ಜಗತ್ತಿಗೆಲ್ಲಾ ಮಾರಿದ ಕೆನಡಾ ಕೂಡ 2018ರಲ್ಲಿ ನಿಷೇಧ ತಂದಿತು.

ಶೀಟು ಗಟ್ಟಿಯಾಗಿದ್ದರೆ ಅಪಾಯ ಇಲ್ಲ ಅನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಸಿಮೆಂಟ್ ಶೀಟಿನಲ್ಲಿ ಕಲ್ನಾರು ಸುಮಾರು ನೂರಕ್ಕೆ ಹತ್ತು ಭಾಗ, ಸಿಮೆಂಟು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಹೊಡೆಯದೆ, ಕೊರೆಯದೆ, ಉಜ್ಜದೆ ಇದ್ದರೆ ನಾರು ಅಷ್ಟಾಗಿ ಹೊರಬರುವುದಿಲ್ಲ. ತಲೆಯ ಮೇಲೆ ಶೀಟಿದೆ ಅಂತ ಯಾರೂ ಇವತ್ತೇ ಗಾಬರಿಬಿದ್ದು ಕಿತ್ತು ಹಾಕಬೇಡಿ. ಅದೇ ಜಾಸ್ತಿ ಅಪಾಯ. ಆದರೆ ಮಾನ್ಯರೇ, ನೀವು ಅನುಮತಿ ಕೊಡುತ್ತಿರುವುದು ಶೀಟು ಸುಮ್ನೆ ಇರಲಿ ಅಂತ ಅಲ್ಲವಲ್ಲ, ಕೆಡವಲಿ ಅಂತ. ಮಳೆ ಬಿಸಿಲಿಗೆ ಮೇಲಿನ ಸಿಮೆಂಟು ಸವೆದು, ಬೆರಳಿಟ್ಟರೆ ಪುಡಿ ಅಂಟುವ ಶೀಟನ್ನು ಗ್ರೈಂಡರ್‌ನಿಂದ ಕೊಯ್ದು, ಮೇಲಿನಿಂದ ಎಸೆದು, ಜೆಸಿಬಿಯಿಂದ ತುಳಿದು, ಆ ಪುಡಿಯನ್ನು ರಸ್ತೆಯ ಗುಂಡಿಗೆ ತುಂಬುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮೂರನೆಯ ಉತ್ತರ: ಕೆಲಸಗಾರರಿಗೆ ಎಕ್ಸ್‌ರೇ ತೆಗೆಸಿದ್ದೇವೆ, ಎಲ್ಲಾ ಕ್ಲಿಯರ್. ಇವತ್ತು ಧೂಳು ಕುಡಿದವನ ಎಕ್ಸ್‌ರೇ ಇವತ್ತು ಕ್ಲಿಯರ್ ಆಗಿಯೇ ಇರುತ್ತದೆ. ಇನ್ನು ಹತ್ತು ವರ್ಷ ಬಿಟ್ಟು, ಇಪ್ಪತ್ತು ವರ್ಷ ಬಿಟ್ಟು ತೆಗೆಸಬೇಕಾದದ್ದು. ಅವತ್ತು ಯಾರನ್ನು ಕರೆಯುತ್ತೀರಿ, ಹೆಸರೇ ಇಲ್ಲದಿದ್ದರೆ?

ಕೆಡವುವ ರೀತಿಯ ಬಗ್ಗೆ ನಿಮಗೆ ಪಾಠ ಹೇಳುವಷ್ಟು ದೊಡ್ಡವನಲ್ಲ. ನಿಯಮಗಳು ನಿಮ್ಮ ಬೀರುವಿನಲ್ಲೇ ಇವೆ. ಆದರೆ ಕೆಲಸ ಮಾಡಿಸಿದವನಾಗಿ ಒಂದೆರಡು ಮಾತು. ಶೀಟನ್ನು ಒಡೆಯಬಾರದು, ಬಿಚ್ಚಬೇಕು. ಶೀಟನ್ನು ಹಿಡಿದಿರುವ ಜೆ-ಬೋಲ್ಟು ತುಕ್ಕು ಹಿಡಿದು ತಿರುಗುವುದಿಲ್ಲ, ಮೇಸ್ತ್ರಿ ಗ್ರೈಂಡರ್ ಕೇಳುತ್ತಾನೆ. ಕೊಡಬೇಡಿ. ಬೋಲ್ಟ್ ಕಟರ್‌ನಿಂದ ಕಬ್ಬಿಣವನ್ನು ಕತ್ತರಿಸಲಿ, ಶೀಟನ್ನು ಮುಟ್ಟದಿರಲಿ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಬೇಕು, ಹಾಗಂತ ಜೋರಾಗಿ ಪ್ರೆಷರ್ ಪೈಪು ಬಿಡಬಾರದು, ಅದು ನಾರನ್ನೇ ಎಬ್ಬಿಸುತ್ತದೆ. ಎಸೆಯದೆ ಇಳಿಸಬೇಕು. ದಪ್ಪ ಪಾಲಿಥಿನ್ ಎರಡು ಸುತ್ತು ಸುತ್ತಿ ಟೇಪ್ ಹಾಕಿ ಗುರುತು ಬರೆಯಬೇಕು. ಒಣ ಪೊರಕೆ ಬೇಡ, ಕಂಪ್ರೆಸರ್ ಗಾಳಿ ಖಂಡಿತಾ ಬೇಡ. ಟವೆಲ್ಲು, ಬಟ್ಟೆ ಮಾಸ್ಕು ಈ ನಾರಿಗೆ ಜರಡಿ ಇದ್ದ ಹಾಗೆ. ಮುಖಕ್ಕೆ ಸಂದಿಲ್ಲದೆ ಕೂರುವ, ಇದಕ್ಕೇ ಅಂತ ಇರುವ ಫಿಲ್ಟರ್ ಮಾಸ್ಕೇ ಆಗಬೇಕು. ಕೆಲಸದ ಬಟ್ಟೆ ಸೈಟಿನಲ್ಲೇ ಉಳಿಯಬೇಕು, ಸ್ನಾನ ಅಲ್ಲೇ ಆಗಬೇಕು. ಮತ್ತೆ, ಇದು ಧೂಳಿನ ಮಾತಲ್ಲ, ಆದರೂ ಬಿಡಲಾರೆ: ಹಳೇ ಶೀಟಿನ ಮೇಲೆ ನೇರ ಕಾಲಿಟ್ಟರೆ ಅದು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಹಲಗೆ ಹಾಸಿ, ಮೈಗೆ ಸುರಕ್ಷತಾ ಬೆಲ್ಟು (ಹಾರ್ನೆಸ್) ಕಟ್ಟಿಯೇ ಹತ್ತಿಸಿ. ನಲವತ್ತು ವರ್ಷದ ಮಾತು ಆಮೇಲೆ, ಅವತ್ತು ಸಂಜೆ ಅವನು ಮನೆಗೆ ಹೋಗಬೇಕಲ್ಲ.

ಶೀಟು ಒಂದೇ ಅಲ್ಲ. ಹಳೇ ಬಾಯ್ಲರಿನ ಲ್ಯಾಗಿಂಗು, ಫರ್ನೇಸ್ ಬಾಗಿಲಿನ ಹಗ್ಗ, ಫ್ಲೇಂಜಿನ ಗ್ಯಾಸ್ಕೆಟ್ಟು, ಹಳೇ ಕ್ರೇನು ಲಾರಿಗಳ ಬ್ರೇಕ್ ಲೈನರ್ರು. ಲ್ಯಾಗಿಂಗ್ ಶೀಟಿಗಿಂತ ಎಷ್ಟೋ ಕೆಟ್ಟದ್ದು, ಯಾಕಂದರೆ ಅದರಲ್ಲಿ ನಾರನ್ನು ಗಟ್ಟಿಯಾಗಿ ಹಿಡಿದಿಡುವುದು ಏನೂ ಇಲ್ಲ, ಕೈಯಲ್ಲೇ ಪುಡಿಯಾಗುತ್ತದೆ. ಕೆಡವುವ ಮೊದಲು ಎಲ್ಲೆಲ್ಲಿ ಏನಿದೆ ಅಂತ ಒಮ್ಮೆ ಸುತ್ತಿ ಪಟ್ಟಿ ಮಾಡಿಸಿ. ಕಣ್ಣಳತೆಯಲ್ಲಿ ಹೇಳಲಾಗದಿದ್ದರೆ ಚೂರು ತೆಗೆದು ಲ್ಯಾಬಿಗೆ ಕಳಿಸಿ.

ಇನ್ನು ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ. 40 ವರ್ಷ ಅನ್ನೋದು ನನ್ನ ತಲೆಯಿಂದ ಬಂದ ಸಂಖ್ಯೆ ಅಲ್ಲ. ಕಲ್ನಾರು ಕೆಲಸಗಾರರ ವಿಷಯದಲ್ಲಿ ಭಾರತದ ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಇದೆ: ಪ್ರತಿಯೊಬ್ಬ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಕೊನೆಗೆ ಬರುತ್ತದೋ ಅಲ್ಲಿಯ ತನಕ ಇಡಬೇಕು. ಬ್ರಿಟನ್ನಿನ ನಿಯಮದಲ್ಲೂ 40 ವರ್ಷವೇ. ರೋಗ ತಡ ಮಾಡುವಷ್ಟು ಕಾಲ ಕಾಗದವೂ ಉಳಿಯಬೇಕು ಅನ್ನುವ ಸರಳ ಲೆಕ್ಕ ಅದು. ಆದರೆ ಆ ದಾಖಲೆ ಇಡುವುದು ಖಾಯಂ ಕೆಲಸಗಾರರಿಗೆ, ಕಲ್ನಾರಿನ ಕಾರ್ಖಾನೆ ಅಂತ ಬೋರ್ಡು ಇರುವ ಕಡೆ. ಮೂರು ದಿನಕ್ಕೆ ಬಂದು ಶೆಡ್ ಕೆಡವಿ ಹೋಗುವ ಎಂಟು ಜನರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಅದಕ್ಕೇ ಅನುಮತಿ ಅರ್ಜಿಗೆ ಇನ್ನೊಂದೇ ಹಾಳೆ ಸೇರಿಸಿ. ಹೆಸರು, ವಯಸ್ಸು, ಊರು, ಯಾವ ತಾರೀಖಿನಿಂದ ಯಾವ ತಾರೀಖು, ಏನು ಮುಟ್ಟಿದ, ಯಾವ ಮಾಸ್ಕು ಕೊಟ್ಟರು. ಕೆಳಗೆ ಕಂಟ್ರಾಕ್ಟರ್ ಸಹಿ, ನಿಮ್ಮ ಮೊಹರು. ಒಂದು ಪ್ರತಿ ಆ ಕೆಲಸಗಾರನ ಕೈಗೆ. ಇನ್ನೊಂದು ನಿಮ್ಮ ಕಚೇರಿಯಲ್ಲಿ, ಕಾರ್ಖಾನೆಯಲ್ಲಿ ಅಲ್ಲ. ಕಾರ್ಖಾನೆ ಮುಚ್ಚುತ್ತದೆ, ಕಚೇರಿ ಉಳಿಯುತ್ತದೆ. ಅಕ್ಕಪಕ್ಕದ ಮನೆಗಳಿಗೆ ಮೊದಲೇ ತಿಳಿಸಿ, ಯಾವ ದಿನ ಕೆಡವುತ್ತಾರೆ ಅಂತ, ಬಟ್ಟೆ ಒಳಗೆ ತೆಗೆದುಕೊಂಡು ಕಿಟಕಿ ಮುಚ್ಚಿಕೊಳ್ಳಲಿ. ಆ ತಾರೀಖೂ ಅದೇ ಹಾಳೆಯಲ್ಲಿರಲಿ.

ಕಾಂಪೌಂಡಿನ ಆಚೆ ಇರುವವರಿಗೆ ನಾನು ಹೇಳುವುದೂ ಬರೆಯುವ ವಿಷಯವೇ. ಮನೆಯಲ್ಲಿ ಯಾರಾದರೂ ಬಾಯ್ಲರ್, ಶೀಟು, ಬ್ರೇಕು, ಇನ್ಸುಲೇಷನ್ ಕೆಲಸ ಮಾಡಿದ್ದರೆ ವರ್ಷ ಸಮೇತ ಒಂದು ಕಡೆ ಬರೆದಿಡಿ. ಏದುಸಿರು, ಬಿಡದ ಒಣ ಕೆಮ್ಮು ಅಂತ ವೈದ್ಯರ ಹತ್ತಿರ ಹೋದಾಗ ಅವರು ಕೇಳಲಿ ಬಿಡಲಿ, ಮೊದಲು ಆ ಚೀಟಿ ತೋರಿಸಿ. ಹೆಲ್ಪರ್ ಅಂತ ಹೇಳಬೇಡಿ. ಏನು ಕಿತ್ತಿರಿ, ಏನು ಕೊಯ್ದಿರಿ ಅಂತ ಹೇಳಿ. ಬೀಡಿ ಸಿಗರೇಟು ಬಿಟ್ಟರೆ ಇವತ್ತಿಗೂ ಲಾಭ ಇದೆ.

ನನ್ನ ನೋಟ್‌ಬುಕ್ ಇನ್ನೂ ನನ್ನ ಹತ್ತಿರವೇ ಇದೆ. ಅದರಲ್ಲಿ ಒಟ್ಟು 14 ಹೆಸರುಗಳಿವೆ. ಎರಡು ಹೆಸರಿನ ಮುಂದೆ ಊರು ಬರೆದಿಲ್ಲ, ಒಂದು ಬರೀ ಅಡ್ಡಹೆಸರು. ಆ ಹುಡುಗನ ಪುಟದ ಮೂಲೆಯಲ್ಲಿ ಗ್ರೀಸ್ ಕಲೆ ಇದೆ, ಓದೋಕೇನೂ ತೊಂದರೆ ಇಲ್ಲ. ಸೋಮವಾರ ಬೆಳಿಗ್ಗೆ ಜೆರಾಕ್ಸ್ ಮಾಡಿಸಿಕೊಂಡು ನಿಮ್ಮ ಟಪಾಲು ವಿಭಾಗಕ್ಕೆ ಬರುತ್ತೇನೆ. ಸ್ವೀಕೃತಿ ಕೊಡಿ. ಮೊಹರು ಹಾಕೋದು ಮರೆಯಬೇಡಿ.

ಇಂತಿ,
ಒಬ್ಬ ಹಳೇ ಮೇಂಟೆನೆನ್ಸ್ ಸೂಪರ್‌ವೈಸರ್